'ಬೀಳು' ಎಂಬ ಪದಕ್ಕೆ ನಾನು ಹೇಳಿದ ಅರ್ಥ

ಮಧ್ಯಸ್ಥ ಮಂಡಳಿಯ ಅಧ್ಯಕ್ಷರೇ,

ಎರಡು ವರ್ಷದ ಹಿಂದೆ, ೧೯೬೪ರಲ್ಲಿ, ತಾವು ಲಂಡನ್ನಿನಲ್ಲಿ ಕೂತು ಕೊಟ್ಟ ತೀರ್ಪು ಒಂದೇ ಒಂದು ಕನ್ನಡ ಪದದ ಮೇಲೆ ನಿಂತಿದೆ. ಆ ಪದಕ್ಕೆ ತಪ್ಪು ಅರ್ಥ ಹೇಳಿದವನು ನಾನು. ತೀರ್ಪು ತಿದ್ದಿ ಎಂದು ನಾಲ್ಕು ಸಲ ಬರೆದೆ. 'ಪ್ರಕರಣ ಮುಗಿದಿದೆ' ಎಂದು ನಾಲ್ಕು ಸಲವೂ ಉತ್ತರ ಬಂತು, ಬಲು ಒಳ್ಳೆಯ ಕಾಗದದಲ್ಲಿ. ಅದಕ್ಕೇ ಈ ಸಲ ಪತ್ರಿಕೆಯಲ್ಲಿ, ನಮ್ಮ ಸೀಮೆಯವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಮಿಡಿಗೇಶಿ ಕಡೆಯ ಒಡೆಯರಿಲ್ಲದ ಜಮೀನಿನಲ್ಲಿ ಸಾಣೆಕಲ್ಲು ಮಾಡಲು ಬಳಸುವ ಖನಿಜ ತೆಗೆಯಲು ಸರ್ಕಾರ ಒಂದು ಹೊರದೇಶದ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಅದರಲ್ಲಿ ರೈತರ ಹೊಲಗಳೂ ಸೇರಿಹೋಗಿವೆ ಎಂದು ತಿಳಿದ ಮೇಲೆ ಅವನ್ನು ವಾಪಸು ಕೇಳಿತು. ಕಂಪನಿ ತಮ್ಮ ಮುಂದೆ ಬಂತು. ಅದರ ವಕೀಲ ನಾನೇ. ಮಧುಗಿರಿ ಕೋರ್ಟಿನಲ್ಲಿ ಬೇಲಿ ಜಗಳ ನಡೆಸುತ್ತಿದ್ದವನು ದೇಶದೇಶಗಳ ವ್ಯಾಜ್ಯಕ್ಕೆ ಏರಿದ್ದೆ. ಹೊಸ ಕೋಟು ಹೊಲಿಸಿದ್ದೆ, ಊರ ಮಾತು ಆಡುವುದನ್ನೇ ಬಿಟ್ಟಿದ್ದೆ.

ಶಾನುಭೋಗರ ಪುಸ್ತಕದಲ್ಲಿ ಕೆಂಚಮ್ಮ ಎಂಬಾಕೆಯ ಹೊಲದ ಮುಂದೆ 'ಬೀಳು' ಎಂದಿತ್ತು. ಹಾಗೆಂದರೇನು ಎಂದು ತಾವು ಕೇಳಿದಿರಿ. ಸರ್ಕಾರದ ವಕೀಲರು ದೆಹಲಿಯವರು. ಆ ಕೋಣೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. 'ಯಾರೂ ಬೇಡವೆಂದು ತೊರೆದ ಜಮೀನು' ಎಂದೆ. ಗೊತ್ತಿದ್ದೇ ಅಂದೆ. ತಾವು ತಲೆಯಾಡಿಸಿ ಬರೆದುಕೊಂಡಿರಿ, ಹೊಲ ಕಂಪನಿಯ ಪಾಲಾಯಿತು. ನಮ್ಮೂರ ಪಂಚರು ಬದುವಿನ ಜಗಳವನ್ನು ಬದುವಿನ ಮೇಲೆ ನಿಂತೇ ಬಗೆಹರಿಸುತ್ತಾರೆ. ಅಷ್ಟು ಓದಿದ ತಮಗೆ ಆ ಹೊಲದ ಒಂದು ಫೋಟೋವನ್ನಾದರೂ ನೋಡಬೇಕು ಅನಿಸಲಿಲ್ಲವೇ?

ಹೋದ ಕಾರ್ತಿಕದಲ್ಲಿ ನಾನು ಅಲ್ಲಿಗೆ ಹೋದೆ. ಕೆಂಚಮ್ಮ ಹೊಲದ ಮೂಲೆಯಲ್ಲಿ ಕೂತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಬೀಳು ಎಂದು ಬರೆದ ಆ ವರ್ಷ ಯಾಕಮ್ಮ ಉಳಲಿಲ್ಲ ಎಂದು ಕೇಳಿದೆ.

"ನಮ್ಮೆಜಮಾನ್ರನ್ನ ಇಲ್ಲೇ ಮಣ್ಣು ಮಾಡಿದ್ವಿ ಸಾಮಿ. ಅವ್ರ ಮಗ್ಗುಲಾಗೆ ಹೆಂಗೆ ನೇಗ್ಲು ಹೊಡೀಲಿ ಅಂತ ಒಂದೊರ್ಸ ಬೀಳು ಬುಟ್ಟೆ. ಬೀಳು ಬುಟ್ರೆ ಮುಂದ್ಲೊರ್ಸ ಉಳಾಕೆ ಅಲ್ವಾ? ಅದ್ಯಾವ್ದೋ ದೇಸದಾಗೆ ಯಾರೋ ಅದನ್ನ ಬ್ಯಾಡ ಅಂತ ಬುಟ್ಟೋಗಿರಾದು ಅಂದ್ನಂತೆ. ಪಾಪ, ಅವ್ನಿಗೆ ಕನ್ನಡ ಬರಾಕಿಲ್ವೇನೋ."

ನಾನೇ ಅವನು ಎಂದು ಹೇಳದೆ ಮಧುಗಿರಿಯ ಬಸ್ಸು ಹತ್ತಿದೆ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ 'ಪಾಪ' ಮಾತ್ರ ನನ್ನ ಬೆನ್ನು ಬಿಟ್ಟಿಲ್ಲ. ಸಾಕ್ಷಿಗೆ ಪ್ರಮಾಣ ಮಾಡಿಸುವಾಗ ಕೇಳುತ್ತದೆ, ಹೆಂಡತಿ ಊಟಕ್ಕೆ ಕರೆದರೂ ಅದೇ ಕೇಳುತ್ತದೆ. ನನಗೆ ಭಯವಾಗಿದೆ, ಸ್ವಾಮಿ.

ಕಂಪನಿಯ ಅಗೆತ ಈಗ ಆ ಮೂಲೆಗೆ, ಅವರ ಗಂಡ ಓಬಳಯ್ಯ ಮಲಗಿರುವಲ್ಲಿಗೆ, ಹತ್ತು ಮಾರು ದೂರದಲ್ಲಿದೆ. ಅದನ್ನು ಇಂದೇ ನಿಲ್ಲಿಸಿ. ವಿಚಾರಣೆ ಮತ್ತೆ ತೆರೆದು ಕೆಂಚಮ್ಮನವರನ್ನು ಕೇಳಿ. ಈ ಪತ್ರ ತಮಗೆ ಅರ್ಥವಾಗದ ಭಾಷೆಯಲ್ಲಿದೆ, ಬಲ್ಲೆ. ಯಾರಿಂದಲಾದರೂ ಅನುವಾದ ಮಾಡಿಸಿಕೊಳ್ಳಿ, ನನ್ನನ್ನು ಮಾತ್ರ ಕರೆಯಬೇಡಿ.

ಇಂತಿ,
ಕನ್ನಡ ಬಾರದ
ಶಂಕರಲಿಂಗಪ್ಪ, ವಕೀಲ
ಮಧುಗಿರಿ