ಅಟ್ಟದಿಂದ ಬಂದ ರೇಡಿಯೋ

ಹಳೇಬೀಡು
೧೦-೨-೧೯೯೮

ಮಾನ್ಯ ಪುಟ್ಟಸ್ವಾಮಯ್ಯನವರಿಗೆ, ಬಡಗಿ ನಂಜಾಚಾರಿಯವರ ಮಗ ಬಸವಾಚಾರಿಯ ನಮಸ್ಕಾರಗಳು.

ನಿಮ್ಮ ಅಟ್ಟದಲ್ಲಿ ಸಿಕ್ಕಿತೆಂದು ನಿಮ್ಮ ಮಗ ಹಳೇ ರೇಡಿಯೋವನ್ನು ಅರೇಹಳ್ಳಿಯಿಂದ ತಂದು, ಮರದ ಪೆಟ್ಟಿಗೆಗೆ ಪಾಲಿಶ್ ಹಾಕಲು ನನಗೆ ಕೊಟ್ಟು ಹೋದರು. ತಳದ ಹಲಗೆಗೆ ಯಾರೋ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ಅದನ್ನು ಕೆರೆದು ಉಪ್ಪುಕಾಗದದಿಂದ ಉಜ್ಜಿದಾಗ, ಉಳಿಯಲ್ಲಿ ಕೊರೆದ ಅಪ್ಪನ ಹೆಸರು ಕಂಡಿತು. ಅವ್ವನನ್ನು ಕರೆದು ತೋರಿಸಿದೆ. ಅವಳು ಅಕ್ಷರಗಳ ಮೇಲೆ ಬೆರಳಾಡಿಸಿ, "ಇದು ನಮ್ದೇ ಕಣೋ. ಅವತ್ತು ನಿಮ್ಮಪ್ಪ ಇದನ್ನೇ ಎತ್ಕೊಂಡು ಹೋಗಿದ್ದು" ಎಂದಳು.

ಇಪ್ಪತ್ತೆರಡು ವರ್ಷಗಳ ಹಿಂದೆ ಅಪ್ಪ ರೇಡಿಯೋ ರಿಪೇರಿಗೆಂದು ನಿಮ್ಮ ಜೊತೆಯಲ್ಲೇ ಬಸ್ ಹತ್ತಿದ್ದರು. ಮತ್ತೆ ಮನೆಗೆ ಬರಲಿಲ್ಲ. "ಬೇಲೂರಲ್ಲಿ ರೇಡಿಯೋ ಎತ್ಕೊಂಡು ಇಳಿದ ಕಣಮ್ಮ, ಆಮೇಲೆ ನಾನು ನೋಡ್ಲಿಲ್ಲ" ಎಂದು ನೀವು ಅವ್ವನಿಗೆ ಹೇಳಿದ್ದಿರಿ.

ನಿಮ್ಮ ಮಗನಿಗೆ ನಾನಿನ್ನೂ ಏನೂ ಹೇಳಿಲ್ಲ. ಪಾಲಿಶ್ ಮುಗಿದಿದೆ, ಹೆಸರಿರುವ ಹಲಗೆಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ದಯವಿಟ್ಟು ಬೇರೆ ಯಾರನ್ನೂ ಕಳಿಸದೆ ನೀವೇ ಬನ್ನಿ. ಅವ್ವ ನಿಮ್ಮನ್ನು ಒಂದು ಮಾತು ಕೇಳಬೇಕಂತೆ. ಭಾನುವಾರದವರೆಗೆ ಕಾಯುತ್ತೇವೆ. ಸೋಮವಾರ ಮೊದಲ ಬಸ್ಸಿಗೆ ಅವ್ವನೂ ನಾನೂ ನಿಮ್ಮ ಮನೆಗೇ ಬರುತ್ತೇವೆ.

ಇಂತಿ,
ಬಸವಾಚಾರಿ