ಬರ್ಕ್ಲಿಯಲ್ಲಿ ಕಂಡ ಗಂಟಿನ ದಾರಗಳು

ಪೂಜ್ಯ ಅತ್ತಿಗೆಯವರಿಗೆ ಮೈದುನ ಶ್ರೀಕಂಠನು ಬರ್ಕ್ಲಿಯಿಂದ ಶಿರಬಾಗಿ ಮಾಡುವ ನಮಸ್ಕಾರಗಳು.

ನಿನ್ನೆ ಇಲ್ಲಿನ ವಸ್ತುಸಂಗ್ರಹಾಲಯವೊಂದರ ಗಾಜಿನ ಪೆಟ್ಟಿಗೆಯಲ್ಲಿ ಗಂಟು ಹಾಕಿದ ನೂಲುಗಳು ಸಾಲಾಗಿ ತೂಗುತ್ತಿದ್ದವು. ಅನಂತವ್ರತದ ದಾರಗಳೆಂದೇ ಭಾವಿಸಿ ಪಾದರಕ್ಷೆ ಕಳಚಿ ಕೈಮುಗಿದೆ. ಮೊಮ್ಮಗಳು ಶಾಲ್ಮಲಿ ನಕ್ಕು, "ತಾತಾ, ಶೂಸು ಹಾಕ್ಕೊಳ್ಳಿ. ಅದು ಪೂಜೇದಲ್ಲ, ಪೆರು ಕಡೆಯ ಇಂಕಾ ಜನರ ರೆಕಾರ್ಡ್ಸು" ಎಂದಳು. ಅಕ್ಷರಗಳಿಗೆ ಬದಲಾಗಿ ಅವರು ಗಂಟುಗಳಲ್ಲೇ ರಾಜ್ಯದ ವೃತ್ತಾಂತವನ್ನು ಕಾಪಾಡುತ್ತಿದ್ದರಂತೆ. ಎಣಿಕೆಯ ಗಂಟುಗಳನ್ನು ವಿದ್ವಾಂಸರು ಅರ್ಥೈಸಿದ್ದಾರೆ. ಮಿಕ್ಕವನ್ನು ಓದಬಲ್ಲವರು ಈಗ ಯಾರೂ ಉಳಿದಿಲ್ಲ.

ನೀವು ಒಂದೊಂದು ಗಂಟಿಗೂ ಅದರ ದೇವತೆಯ ಹೆಸರು ಹೇಳುತ್ತ ದಾರ ಸಿದ್ಧಪಡಿಸುವುದು ನೆನಪಾಯಿತು. ಆ ಧ್ವನಿಯನ್ನು ಕೇಳಬೇಕೆಂದು ಜೀವ ಹಂಬಲಿಸುತ್ತಿದೆ. ಮನೆಯಲ್ಲಿ ಆ ಕ್ರಮವನ್ನು ಬಲ್ಲವರು ನೀವೊಬ್ಬರೇ. ಚತುರ್ದಶಿಗೆ ನಾನು ಬರಲಾರೆ. ಈ ವರ್ಷ ನನ್ನ ಬಲತೋಳು ಬರಿದು.

ಮಂಡಿನೋವು ಇಳಿದಿದೆ, ಮಾತ್ರೆಗಳು ಸಾಕಷ್ಟಿವೆ. ಕಾರ್ಡಿನಲ್ಲಿ ಸ್ಥಳವಿಲ್ಲ. ನನ್ನ ಪಾಲಿನ ದಾರಕ್ಕೆ ನಿಮ್ಮ ಸೊಸೆ ವೈಜಯಂತಿಯಿಂದಲೇ ಗಂಟು ಹಾಕಿಸಿ, ಹೆಸರುಗಳನ್ನೂ ಅವಳ ಬಾಯಿಂದಲೇ ಹೇಳಿಸಿ. ತಪ್ಪಿದರೆ ಬಿಚ್ಚಿಸಿ ಮತ್ತೆ ಹಾಕಿಸಿ. ತಡವಾದರೂ ಬಂದು ಕಟ್ಟಿಸಿಕೊಳ್ಳುತ್ತೇನೆ.

ಶ್ರೀಕಂಠ