ಉದ್ಯಾನದ ಬಾಗಿಲಲ್ಲಿ ಲಾರಿ ಕಾಟಾ ಯಾಕೆ?

ಪ್ರವಾಸಿ ತಾಣಗಳ ಅಭಿವೃದ್ಧಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ದೇವದುರ್ಗ ತಾಲ್ಲೂಕಿನ ನಮ್ಮೂರ ಬಳಿ, ಕೃಷ್ಣೆಯ ನಡುವಿನ ಮರಳ ನಡುಗಡ್ಡೆಯನ್ನು ‘ನೈಸರ್ಗಿಕ ಉದ್ಯಾನ’ ಎಂದು ಕರೆದು ಬೋರ್ಡು ನೆಟ್ಟಿದ್ದೀರಿ. ಸಂತೋಷ. ಅದೇ ದಿನ ಅಲ್ಲಿಗೆ ಹೋಗುತ್ತಿದ್ದ ಒಂದೇ ಒಂದು ಹರಿಗೋಲನ್ನು ನಿಲ್ಲಿಸಿದಿರಿ. ಈಗ ದಡದಿಂದ ನಡುಗಡ್ಡೆಯವರೆಗೆ ಇಪ್ಪತ್ತು ಅಡಿ ಅಗಲದ ಮುರಮಿನ ರಸ್ತೆ ಹಾಕಿಸಲು ಹೊರಟಿದ್ದೀರಿ. ನನ್ನ ಸಂತೋಷ ಅಲ್ಲಿಗೇ ಮುಗಿಯಿತು.

ಏನನ್ನೂ ಕಟ್ಟದೆ ಇದ್ದ ಹಾಗೇ ಉಳಿಸುತ್ತೇವೆ ಎನ್ನುತ್ತದೆ ನಿಮ್ಮ ಬೋರ್ಡು. ಪಂಚಾಯ್ತಿ ಗೋಡೆಗೆ ಅಂಟಿಸಿದ ನಕ್ಷೆಯನ್ನು ನಾನು ನಿಂತು ಪೂರ್ತಿ ಓದಿದೆ. ಅದರಲ್ಲಿ ಶೌಚಾಲಯವಿಲ್ಲ, ಕುಡಿಯುವ ನೀರಿನ ನಳವಿಲ್ಲ. ಬಾಗಿಲ ಬಳಿ ಮಾತ್ರ ಲಾರಿ ತೂಗುವ ಕಾಟಾ ಇದೆ! ಸ್ವಾಮಿ, ಪ್ರವಾಸಿಗರನ್ನು ತೂಗಿ ಒಳಗೆ ಬಿಡುತ್ತೀರೋ, ಅಥವಾ ಬೇರೇನನ್ನಾದರೂ ತೂಗಿ ಹೊರಗೆ ಕಳಿಸುತ್ತೀರೋ?

ನನ್ನ ಅವ್ವ ಬಸ್ಸಮ್ಮ ಜೀವಮಾನವಿಡೀ ಹತ್ತಿ ಬಿಡಿಸಿದವಳು. ಒಮ್ಮೆ ಸಮುದ್ರ ನೋಡಬೇಕೆಂಬುದು ಅವಳ ಆಸೆ. ಅಷ್ಟು ದೂರಕ್ಕೆ ಅವಳ ಮೊಣಕಾಲು ಒಪ್ಪಲಿಲ್ಲ. ಹೋದ ಚಳಿಗಾಲದಲ್ಲಿ ಅಂಬಿಗರ ಪಾರ್ವತೆಮ್ಮನವರ ಹರಿಗೋಲಿನಲ್ಲಿ ಅವಳನ್ನು ನಡುಗಡ್ಡೆಗೆ ಕರೆದೊಯ್ದೆ. ಅಂಗಡಿಯಿಲ್ಲ, ಬೆಂಚಿಲ್ಲ. ಮರಳು, ನೀರು, ಹಕ್ಕಿಗಳ ಹೆಜ್ಜೆ, ಅಷ್ಟೇ. ಹೊಳೆ ಎಂದು ಗೊತ್ತಿದ್ದೂ ಅವ್ವ ಅದನ್ನು ಸಮುದ್ರವೆಂದೇ ಕರೆದು, ನೀರಿಗೆ ಕಾಲು ಇಳಿಬಿಟ್ಟು ಅರ್ಧ ದಿನ ಕೂತಳು. ಕೆಲಸವಿಲ್ಲದೆ ಸುಮ್ಮನೆ ಕೂತ ಅವ್ವನನ್ನು ನಾನು ನೋಡಿದ್ದು ಅದೇ ಮೊದಲು. ಖುಷಿಯಾಯಿತು, ನಾಚಿಕೆಯೂ ಆಯಿತು.

ಹೊರಡುವಾಗ ರಾಯಚೂರಿನ ನನ್ನ ಶಾಲೆಯ ಮಕ್ಕಳಿಗೆ ತೋರಿಸಲೆಂದು ಒಂದು ಹಿಡಿ ಮರಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಪಾರ್ವತೆಮ್ಮ ಹುಟ್ಟು ಕೆಳಗಿಟ್ಟುಬಿಟ್ಟರು.

“ಟೀಚರ್ರ, ಅದನ್ನ ಇಲ್ಲೇ ಸುರುವ್ರಿ. ಬಂದೋರೆಲ್ಲಾ ಒಂದೊಂದು ಹಿಡಿ ಒಯ್ದ್ರ ಗಡ್ಡಿ ಎಲ್ಲಿ ಉಳೀತದ?”

ಸುರಿದೆ. ಅವ್ವನ ಸೆರಗಿಗೆ ಅಂಟಿದ್ದನ್ನೂ ಅವರು ಕೊಡವಿದ ಮೇಲೇ ಹರಿಗೋಲು ಹೊರಟಿತು. ಇದು ಅವರ ಅತ್ತೆಯ ಕಾಲದಿಂದ ಬಂದ ಕಟ್ಟಳೆಯಂತೆ.

ಈಗ ಆ ಹರಿಗೋಲು ಮೂರು ವಾರದಿಂದ ದಡದಲ್ಲಿ ಬೋರಲು ಬಿದ್ದಿದೆ. ಪಾರ್ವತೆಮ್ಮ ಕಳೆ ಕೀಳಲು ಕೂಲಿಗೆ ಹೋಗುತ್ತಿದ್ದಾರೆ. ನಿಮ್ಮ ಕಚೇರಿಯಲ್ಲಿ ವಿಚಾರಿಸಿದರೆ ಸುರಕ್ಷತೆಯ ಕಾರಣ ಎಂದರು. ಒಪ್ಪಿದೆ, ಲೈಫ್ ಜಾಕೆಟ್ ಕೊಡಿ. ಆದರೆ ಹರಿಗೋಲಿನಲ್ಲಿ ಒಮ್ಮೆಗೆ ಆರು ಜನ ಹೋಗುವ ಜಾಗಕ್ಕೆ ಎರಡು ಟಿಪ್ಪರ್ ಎದುರುಬದುರು ದಾಟುವಷ್ಟು ರಸ್ತೆ ಯಾಕೆ ಎಂದು ಕೇಳಿದೆ. ಗುಮಾಸ್ತರು ತಲೆ ಎತ್ತದೆ, “ಇದೆಲ್ಲಾ ನಿಮಗ್ಯಾಕ ಬೇಕ್ರಿ?” ಎಂದರು. ಬೆಕ್ಕನ್ನೇ ಹಾಲಿನ ಕಾವಲಿಗೆ ಇಟ್ಟಿದ್ದಾರೆಂಬ ಅನುಮಾನ ನನಗೆ ಬಂದದ್ದು ಆಗಲೇ.

ಆ ಕಾಟಾ ಬೇಕೆಂದು ಕೇಳಿದವರು ಯಾರು ಎಂದು ಬರೆದು ತಿಳಿಸಿ. ನಕ್ಷೆಯಿಂದ ಅದನ್ನೂ ರಸ್ತೆಯನ್ನೂ ತೆಗೆಯಿರಿ. ಪಾರ್ವತೆಮ್ಮನವರಿಗೆ ಪರವಾನಗಿ ಕೊಡಿ. ನನ್ನ ಅನುಮಾನ ಸುಳ್ಳಾದರೆ ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ನೀವೂ ಒಮ್ಮೆ ನಡುಗಡ್ಡೆ ನೋಡಲು ಬನ್ನಿ, ಅದೇ ಹರಿಗೋಲಿನಲ್ಲಿ. ಹಿಂತಿರುಗುವಾಗ ಬೂಟು ಕೊಡವಬೇಕಾಗುತ್ತದೆ. ಪಾರ್ವತೆಮ್ಮ ಹುದ್ದೆ ನೋಡಿ ಬಿಡುವವರಲ್ಲ.

ಬೇಗ ಉತ್ತರಿಸಿ. ಪ್ರತಿ ಭಾನುವಾರ ಅವ್ವ ಕೇಳುತ್ತಾಳೆ: “ಯವ್ವಾ, ಆ ಸಮುದ್ರ ಇನ್ನೂ ಅದ ಏನ?”

ಇಂತಿ,
ಒಂದು ಹಿಡಿ ಮರಳಿಗೆ ಬೈಸಿಕೊಂಡ
ವಿಶಾಖಾ, ಶಿಕ್ಷಕಿ
ಊರು ಜಾಲಹಳ್ಳಿ, ಸದ್ಯ ರಾಯಚೂರು